ಗುಡ್ಡದ ಹಾದಿಯೂ ಸೈಕಲ್ಲಿನ ಗಾಲಿಯೂ

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಇವೆರಡರ ನಡುವಣ ನಾಡು ರಾಯಚೂರು ಜಿಲ್ಲೆ. ಇಲ್ಲಿ ಬಯಲೇ ಹೆಚ್ಚು. ಆ ಬಯಲಿನಲ್ಲಿ ಅಲ್ಲಲ್ಲಿ, ಯಾರೋ ದುಂಡುಗಲ್ಲುಗಳನ್ನು ತಂದು ಒಟ್ಟಿದರೋ ಎಂಬಂತೆ, ಬೋಳುಗುಡ್ಡಗಳು ಎದ್ದು ನಿಂತಿವೆ. ರಾಯಚೂರಿನ ಕೋಟೆಯು ಇಂಥ ಗುಡ್ಡವನ್ನು ಆಶ್ರಯಿಸಿಯೇ ಹುಟ್ಟಿತು. ದೇವದುರ್ಗಕ್ಕೆ ಹೆಸರಿನಲ್ಲಿಯೇ ದುರ್ಗವಿದೆ. ಮಾನ್ವಿ, ನೀರಮಾನ್ವಿಗಳ ಕಡೆಗೆ ಹೋದರೂ ಕಲ್ಲುಗುಡ್ಡಗಳು ಕಣ್ಣಿಗೆ ತಪ್ಪುವುದಿಲ್ಲ. ಈ ಗುಡ್ಡಗಳ ಬುಡವನ್ನು ಸುತ್ತಿ ಕುರಿಗಾಹಿಗಳ ಕಾಲುದಾರಿಗಳೂ ಹೊಲಕ್ಕೆ ಹೋಗುವ ಬಂಡಿಜಾಡುಗಳೂ ಹರಡಿಕೊಂಡಿವೆ.

ಟಾರು ರಸ್ತೆಯನ್ನು ಬಿಟ್ಟು ಇಂಥ ಗರಸಿನ ಹಾದಿಗಳಲ್ಲಿ ಸೈಕಲ್ಲು ನಡೆಸುವ ಹವ್ಯಾಸವು ಈಚೆಗೆ ಲೋಕದಲ್ಲೆಲ್ಲ ಹಬ್ಬುತ್ತಿದೆ. ಅಮೆರಿಕದ ಕ್ಯಾನ್ಸಸ್ ಪ್ರಾಂತದಲ್ಲಿ 2006ರಲ್ಲಿ ಆರಂಭವಾದ ಒಂದು ಗರಸುಹಾದಿಯ ಪಂದ್ಯವು ಬಹಳ ಹೆಸರು ಪಡೆಯಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್ ಪಂದ್ಯವೂ ನಡೆಯಿತು. ಇದಕ್ಕೆಂದೇ ತಯಾರಾದ ಸೈಕಲ್ಲಿಗೆ ಗ್ರಾವೆಲ್ ಬೈಕು ಎಂದು ಹೆಸರು. ಅದನ್ನೇರಿ ಹೊರಡುವವನು ಮೊದಲು ಕೇಳುವ ಪ್ರಶ್ನೆ ಒಂದೇ: ಹಾದಿ ಈಗ ಹೇಗಿದೆ? ಈ ಪ್ರಶ್ನೆ ಹೊಸದೇನೂ ಅಲ್ಲ. ಜೋಳದ ಚೀಲ ಹೇರಿಕೊಂಡು ಬಂಡಿ ಹೂಡುವ ರೈತನು ಇದನ್ನು ಕೇಳಿದ್ದಾನೆ. 2006-07ರಿಂದ ಹಲವು ವರ್ಷ ನಮ್ಮ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಟ್ಟಿತಷ್ಟೆ. ಆ ಸೈಕಲ್ಲನ್ನು ಮಳೆಗಾಲದಲ್ಲಿ ಹೆಗಲ ಮೇಲೆ ಹೊತ್ತು ಎರೆಹೊಲ ದಾಟಿದ ಹುಡುಗ ಹುಡುಗಿಯರಿಗೂ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಪಂದ್ಯಗಾರನಿಗೆ ಹಾದಿ ಕೆಟ್ಟರೆ ಒಂದು ದಿನದ ಉಲ್ಲಾಸ ಹೋಗುತ್ತದೆ. ವಿದ್ಯಾರ್ಥಿಗೆ ಹೋಗುವುದು ಪಾಠ. ಹಾದಿಯು ಇಂದು ಒಳ್ಳೆಯದಾಗಿ ನಾಳೆ ಕೆಡುವುದೇಕೆ ಎಂಬುದನ್ನು ನಾವೀಗ ವಿಚಾರಮಾಡೋಣ.

ಕಲ್ಲು ಹಾದಿಯಾಗುವ ಬಗೆ

ಈ ಗುಡ್ಡಗಳ ಶಿಲೆ ಬಹುಮಟ್ಟಿಗೆ ಗ್ರಾನೈಟು ಮತ್ತು ಅದರ ಸೋದರನಾದ ನೈಸ್. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಈ ಕಲ್ಲುಗಳಲ್ಲಿ ಮೂರು ಖನಿಜಗಳು ಮುಖ್ಯವಾಗಿವೆ: ಗಾಜಿನಂತೆ ಹೊಳೆಯುವ ಬೆಣಚು, ಬಿಳುಪು ಇಲ್ಲವೆ ನಸುಗೆಂಪು ಬಣ್ಣದ ಫೆಲ್ಸ್ಪಾರ್, ಮಿನುಗುವ ಅಭ್ರಕ. ಮಳೆಯ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದಾಗ ಈ ಮೂರೂ ಒಂದೇ ರೀತಿ ವರ್ತಿಸುವುದಿಲ್ಲ. ಅಭ್ರಕವು ನೀರು ಹೀರಿ ಉಬ್ಬುತ್ತದೆ. ಫೆಲ್ಸ್ಪಾರು ನಿಧಾನವಾಗಿ ಜೇಡಿಯಾಗಿ ಮಾರ್ಪಡುತ್ತದೆ. ಬೆಣಚು ಮಾತ್ರ ಏನೂ ಆಗದವರಂತೆ ಹಾಗೆಯೇ ಉಳಿಯುತ್ತದೆ. ಜೊತೆಗಾರರು ಕೈಬಿಟ್ಟ ಮೇಲೆ ಬೆಣಚಿನ ಹರಳುಗಳು ಒಂದೊಂದಾಗಿ ಸಡಿಲವಾಗುತ್ತವೆ. ಬಂಡೆಯ ಮೂಲೆಗಳ ಮೇಲೆ ನೀರಿನ ದಾಳಿಯು ಎರಡು ಮೂರು ಮೈಗಳಿಂದ ನಡೆಯುವುದರಿಂದ ಮೂಲೆಗಳು ಬೇಗ ಸವೆಯುತ್ತವೆ. ಆದಕಾರಣ ಚೌಕಾಕಾರದ ಬಂಡೆಯು ಈರುಳ್ಳಿಯ ಪದರಗಳಂತೆ ಸಿಪ್ಪೆ ಬಿಡುತ್ತ ಕೊನೆಗೆ ದುಂಡಗಾಗುತ್ತದೆ. ಸುತ್ತಲಿನ ಕೊಳೆತ ಭಾಗವು ಮಳೆಯಲ್ಲಿ ಕೊಚ್ಚಿಹೋದ ಮೇಲೆ ಈ ದುಂಡುಗಲ್ಲುಗಳೇ ಒಂದರ ಮೇಲೊಂದು ಕುಳಿತು ಗುಡ್ಡವೆನಿಸುತ್ತವೆ.

ಗಟ್ಟಿ ಬಂಡೆಯೂ ಅಲ್ಲದ, ಪೂರ್ತಿ ಮಣ್ಣೂ ಆಗದ, ಅರ್ಧ ಕೊಳೆತ ಕಲ್ಲಿಗೆ ನಮ್ಮ ಜನರು ಗರಸು ಎನ್ನುತ್ತಾರೆ. ರಸ್ತೆ ಕಟ್ಟುವವರು ಮರಂ ಎನ್ನುತ್ತಾರೆ. ಇದರಲ್ಲಿ ದಪ್ಪ ಹರಳು, ಸಣ್ಣ ಉಸುಕು, ಸ್ವಲ್ಪ ಜೇಡಿ ಮೂರೂ ಬೆರೆತಿರುತ್ತವೆ. ದಪ್ಪ ಹರಳುಗಳ ಸಂದಿನಲ್ಲಿ ಉಸುಕು ತುಂಬಿ, ಉಸುಕಿನ ಸಂದಿನಲ್ಲಿ ಜೇಡಿ ಅಂಟಾಗಿ ನಿಂತರೆ ಒತ್ತಿದಷ್ಟೂ ಬಿಗಿಯಾಗುವ ನೆಲ ಸಿದ್ಧವಾಗುತ್ತದೆ. ಗುಡ್ಡದ ಹರಳಿಗೆ ಇನ್ನೊಂದು ಗುಣವುಂಟು. ಹೊಳೆಯ ಗುಂಡುಕಲ್ಲಿನಂತೆ ಅದು ನುಣುಪಾಗಿಲ್ಲ. ದೂರ ಉರುಳಿ ಬಂದಿಲ್ಲವಾದ್ದರಿಂದ ಅದರ ಕೋನಗಳು ಉಳಿದುಕೊಂಡು ಒಂದನ್ನೊಂದು ಹಲ್ಲಿನಂತೆ ಕಚ್ಚಿ ಹಿಡಿಯುತ್ತವೆ.

ಆದರೆ ಗುಡ್ಡದಿಂದ ಕೆಳಗಿಳಿದಂತೆ ನೆಲವು ಬದಲಾಗುತ್ತದೆ. ಬುಡದಲ್ಲಿ ಗರಸು, ಸ್ವಲ್ಪ ದೂರದಲ್ಲಿ, ಹಳ್ಳದ ಸೆರಗಿನಲ್ಲಿ ಉಸುಕು, ಮುಂದೆ ಕೆಂಪು ಮಸಾರಿ, ತೀರ ತಗ್ಗಿನಲ್ಲಿ ಕರಿಯ ಎರೆ. ನೀರು ಮೇಲಿನಿಂದ ಸುಣ್ಣ ಮೊದಲಾದ ಲವಣಗಳನ್ನು ಕರಗಿಸಿ ತಂದು ತಗ್ಗಿನಲ್ಲಿ ನಿಲ್ಲಿಸುತ್ತದೆ. ನೀರು ಬಸಿದುಹೋಗದ ಆ ಸ್ಥಳದಲ್ಲಿ ಬೇರೆ ಜಾತಿಯ ಜೇಡಿ ಹುಟ್ಟುತ್ತದೆ. ಹೀಗೆ ನಾಲ್ಕೈದು ಕಿಲೋಮೀಟರಿನೊಳಗೆ ಸೈಕಲ್ಲಿನ ಗಾಲಿಯು ನಾಲ್ಕು ಬಗೆಯ ನೆಲವನ್ನು ಕಾಣಬಹುದು. ನಡುನಡುವೆ ಡಾಲರೈಟಿನ ಕಪ್ಪು ಕಲ್ಲಿನ ಏಣುಗಳೂ ಬಿಳಿಯ ಬೆಣಚಿನ ಎಳೆಗಳೂ ಅಡ್ಡ ಬರುತ್ತವೆ. ಬೆಣಚು ಒಡೆದ ಅಂಚು ಚೂರಿಯಂತೆ ಹರಿತ. ಚಾಕುವಿನ ಉಕ್ಕನ್ನೂ ಅದು ಗೀರಬಲ್ಲದು. ಟೈರಿನ ರಬ್ಬರಿನ ಪಾಡೇನು? ಹಾದಿಯಲ್ಲಿ ಬಿಳಿಚೂರುಗಳು ಕಂಡೊಡನೆ ಸವಾರನು ಎಚ್ಚರಗೊಳ್ಳಬೇಕು.

ಗಾಲಿಯ ಒತ್ತಡ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿರುವ 1294ರ ತೆಲುಗು ಶಾಸನವನ್ನು ಚರಿತ್ರೆಯ ವಿದ್ಯಾರ್ಥಿಗಳು ಓದುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳು ನೋಡಬೇಕಾದದ್ದು, ಆ ಕಲ್ಲನ್ನು ಸಾಗಿಸಿದ ಬಗೆಯನ್ನು ತೋರಿಸುವ ಗೆರೆಚಿತ್ರವನ್ನು. ಅರೆಗಳಿಲ್ಲದ ಇಡಿಗಾಲಿಯ ಬಂಡಿ. ಅದಕ್ಕೆ ಹೂಡಿದ ಕೋಣಗಳ ಉದ್ದನೆಯ ಸಾಲು. ಹಿಂದಿನಿಂದ ಸನ್ನೆಗೋಲು ಹಾಕಿ ಗಾಲಿಯನ್ನು ಮೀಟುವ ಆಳುಗಳು. ಗಾಲಿ ನೆಲದಲ್ಲಿ ಹೂತುಕೊಂಡರೆ ಏನು ಮಾಡಬೇಕೆಂಬುದು ಆ ಕಾಲದ ಕುಶಲಿಗಳಿಗೂ ದೊಡ್ಡ ಚಿಂತೆಯಾಗಿತ್ತೆಂಬುದಕ್ಕೆ ಆ ಸನ್ನೆಗೋಲುಗಳೇ ಸಾಕ್ಷಿ.

ಗಾಲಿ ಹೂತುಕೊಳ್ಳುವುದು ತೂಕದಿಂದ ಮಾತ್ರವಲ್ಲ, ಒತ್ತಡದಿಂದ. ತೂಕವನ್ನು ಅದು ಹರಡಿದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ದೊರೆಯುತ್ತದೆ. ಗಾಳಿ ತುಂಬಿದ ಟೈರು ನೆಲದ ಮೇಲೆ ಹಾಕುವ ಒತ್ತಡವು ಸ್ಥೂಲವಾಗಿ ಅದರೊಳಗಿನ ಗಾಳಿಯ ಒತ್ತಡಕ್ಕೇ ಸಮ. ಸವಾರನೂ ಸೈಕಲ್ಲೂ ಸೇರಿ 80 ಕಿಲೋಗ್ರಾಂ ತೂಗುವರೆಂದು ಇಟ್ಟುಕೊಳ್ಳೋಣ. ಪಂದ್ಯದ ಸೈಕಲ್ಲಿನ ಕಿರಿದಾದ ಟೈರಿನಲ್ಲಿ ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡವಿದ್ದರೆ ಎರಡು ಗಾಲಿಗಳೂ ಸೇರಿ ನೆಲವನ್ನು ಮುಟ್ಟುವುದು ಸುಮಾರು 11 ಚದರ ಸೆಂಟಿಮೀಟರು ಮಾತ್ರ. 40 ಮಿಲ್ಲಿಮೀಟರು ಅಗಲದ ಟೈರಿನಲ್ಲಿ ಎರಡೂವರೆ ಕಿಲೋ ಒತ್ತಡವಿಟ್ಟರೆ ಅದು 32 ಚದರ ಸೆಂಟಿಮೀಟರಾಗುತ್ತದೆ. ಗ್ರಾವೆಲ್ ಬೈಕಿನ ಮುಖ್ಯ ರಹಸ್ಯವು ಇಷ್ಟೆ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊರುತ್ತಿದ್ದ ಹಳೆಯ ಕರಿಯ ಸೈಕಲ್ಲಿನ ಟೈರಿನ ಅಗಲವು ಒಂದೂವರೆ ಅಂಗುಲ, ಎಂದರೆ 38 ಮಿಲ್ಲಿಮೀಟರು! ವಿದೇಶದ ದುಬಾರಿ ಸೈಕಲ್ಲಿನ ಗಾಲಿಗೂ ಅಜ್ಜನ ಸೈಕಲ್ಲಿನ ಗಾಲಿಗೂ ಅಗಲದಲ್ಲಿ ಹೆಚ್ಚು ಅಂತರವಿಲ್ಲವೆಂಬುದನ್ನು ತಿಳಿದರೆ ಕೆಲವರ ಗರ್ವವೂ ಕೆಲವರ ನಾಚಿಕೆಯೂ ಕಡಮೆಯಾಗಬಹುದು.

ಗಾಳಿಯನ್ನು ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ಅದಕ್ಕೆ ಮಿತಿಯುಂಟು. ಗಾಳಿ ತೀರ ಕಡಮೆಯಾದರೆ ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ಗಾಲಿಯ ರಿಮ್ಮಿಗೂ ನಡುವೆ ಸಿಕ್ಕಿ ಎರಡು ಕಡೆ ಒಟ್ಟಿಗೇ ತೂತಾಗುತ್ತದೆ. ಬೇಸಗೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇ ತಿಂಗಳ ಬೆಳಗ್ಗೆ 27 ಡಿಗ್ರಿಯಲ್ಲಿ ಎರಡೂವರೆ ಕಿಲೋ ಗಾಳಿ ತುಂಬಿದೆವೆನ್ನಿ. ಮಧ್ಯಾಹ್ನ ಬಂಡೆಯ ಮೇಲೆ ನಿಲ್ಲಿಸಿದ ಸೈಕಲ್ಲಿನ ಟೈರು 57 ಡಿಗ್ರಿಗೆ ಕಾಯಬಹುದು. ನಿರಪೇಕ್ಷ ಉಷ್ಣತೆ 300ರಿಂದ 330ಕ್ಕೆ ಏರಿತು. ವಾಯುಮಂಡಲದ ಒತ್ತಡವೂ ಸೇರಿ ಒಳಗಿದ್ದ ಮೂರೂವರೆ ಕಿಲೋ ಒತ್ತಡವು ಹತ್ತರಲ್ಲೊಂದು ಪಾಲು ಹೆಚ್ಚಿ 3.85 ಆಯಿತು. ಮಾಪಕವು ಈಗ 2.85 ತೋರಿಸುತ್ತದೆ. ಸಿಡಿಯುವಷ್ಟಲ್ಲವಾದರೂ ಸಡಿಲ ಹರಳಿನ ಮೇಲೆ ಹಿಡಿತ ಕಡಮೆಯಾಗುವುದಕ್ಕೆ ಇದು ಸಾಕು.

ಮಳೆ ಬಂದ ಮೇಲೆ

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600ರಿಂದ 700 ಮಿಲ್ಲಿಮೀಟರು ಮಳೆ. ಅದರಲ್ಲಿ ದೊಡ್ಡ ಪಾಲು ಜೂನಿನಿಂದ ಅಕ್ಟೋಬರಿನವರೆಗೆ. ಸೆಪ್ಟೆಂಬರಿನ ಮಳೆಯೇ ಜೋರು. ಒಂದು ಸಂಜೆ ಒಳ್ಳೆಯ ಮಳೆಯಾಯಿತು. ಮರುದಿನ ಬೆಳಗ್ಗೆ ಹಾದಿ ಹೇಗಿರುತ್ತದೆ? ಗುಡ್ಡದ ಬುಡದ ಉಸುಕುಹಾದಿ ನಿನ್ನೆಗಿಂತ ಚೆನ್ನಾಗಿರುತ್ತದೆ. ಎರೆಹಾದಿಯಲ್ಲಿ ಹತ್ತು ಮಾರು ಹೋಗುವುದೂ ಸಾಧ್ಯವಿಲ್ಲ. ಒಂದೇ ಮಳೆ, ಎರಡು ವಿರುದ್ಧ ಫಲ. ಇದು ಏಕೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಒಣ ಉಸುಕಿನ ಕಣಗಳಿಗೆ ಒಂದರ ಹಂಗು ಒಂದಕ್ಕಿಲ್ಲ. ಗಾಲಿಯು ತಳ್ಳಿದಾಗ ಅವು ಪಕ್ಕಕ್ಕೆ ಸರಿಯುತ್ತವೆ, ಗಾಲಿ ಇಳಿಯುತ್ತದೆ, ಮುಂದೆ ಹೋಗಲು ಪ್ರತಿಕ್ಷಣವೂ ಒಂದು ಚಿಕ್ಕ ದಿಬ್ಬವನ್ನು ಹತ್ತಿದಂತಾಗುತ್ತದೆ. ಮೆತ್ತಗಿನ ಉಸುಕಿನಲ್ಲಿ ಉರುಳುವಿಕೆಗೆ ಬರುವ ತಡೆಯು ತೂಕದ ಹತ್ತರಲ್ಲೊಂದು ಪಾಲನ್ನು ಮುಟ್ಟುವುದುಂಟು; ಒಳ್ಳೆಯ ಟಾರು ರಸ್ತೆಯಲ್ಲಿ ಅದು ಇನ್ನೂರರಲ್ಲೊಂದು ಪಾಲು ಮಾತ್ರ. 80 ಕಿಲೋ ತೂಕಕ್ಕೆ ಹತ್ತರಲ್ಲೊಂದೆಂದರೆ 8 ಕಿಲೋ. ಹತ್ತು ಅಡಿಗೆ ಒಂದಡಿ ಏರುವ ಗುಡ್ಡವನ್ನು ಹತ್ತುವಾಗಲೂ ಬೇಕಾಗುವುದು ಇಷ್ಟೇ ಬಲ. ಕಣ್ಣಿಗೆ ಸಮತಲವಾಗಿ ಕಾಣುವ ಹಳ್ಳದ ಹಾದಿಯಲ್ಲಿ ಎದೆಯುಸಿರು ಬಿಡುವಂತಾಗುವುದು ಇದರಿಂದಲೇ. ಸ್ವಲ್ಪ ತೇವ ಬಂದರೆ ಕಣಕಣಗಳ ನಡುವೆ ನೀರಿನ ಸಣ್ಣ ಸೇತುವೆಗಳು ಏರ್ಪಡುತ್ತವೆ. ನೀರಿನ ಮೇಲ್ಮೈಯ ಬಿಗಿತವು ಕಣಗಳನ್ನು ಒಟ್ಟಿಗೆ ಎಳೆದು ಹಿಡಿಯುತ್ತದೆ. ಮಕ್ಕಳು ಗುಬ್ಬಿಗೂಡು ಕಟ್ಟುವುದು ಹಸಿ ಉಸುಕಿನಲ್ಲಿ, ಒಣ ಉಸುಕಿನಲ್ಲಲ್ಲ. ಆದರೆ ಸಂದೆಲ್ಲ ನೀರು ತುಂಬಿಬಿಟ್ಟರೆ ಸೇತುವೆಗಳೇ ಮುಳುಗಿಹೋಗಿ ಉಸುಕು ಮತ್ತೆ ಸಡಿಲವಾಗುತ್ತದೆ. ಆದಕಾರಣ ಮಳೆ ನಿಂತು ನೀರು ಬಸಿದ ಕೆಲವು ತಾಸಿನ ಮೇಲಿನ ವೇಳೆಯೇ ಗುಡ್ಡದ ಹಾದಿಗೆ ಶ್ರೇಷ್ಠ.

ಎರೆಯ ಸ್ವಭಾವ ಬೇರೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಜೇಡಿಯಿರುವುದುಂಟು. ಆ ಜೇಡಿಯಲ್ಲಿ ಮುಖ್ಯವಾದದ್ದು ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಇದು ಪುಸ್ತಕದ ಹಾಳೆಗಳಂತೆ ಅತಿ ತೆಳುವಾದ ಪದರಗಳಿಂದಾಗಿದೆ. ಶುದ್ಧ ಖನಿಜದ ಒಂದು ಗ್ರಾಮಿನಲ್ಲಿರುವ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಅವುಗಳ ಮೈಯ ವಿಸ್ತೀರ್ಣವು 700 ಚದರ ಮೀಟರನ್ನು ಮೀರುತ್ತದೆ. ಎಂದರೆ ನಾಲ್ಕು ವಾಲಿಬಾಲ್ ಅಂಗಣಗಳಿಗಿಂತ ಹೆಚ್ಚು! ನೀರು ಈ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಪದರಗಳು ಮತ್ತೆ ಹತ್ತಿರವಾಗಿ ಮಣ್ಣು ಕುಗ್ಗುತ್ತದೆ. ಬೇಸಗೆಯಲ್ಲಿ ಎರೆಹೊಲವು ಕೈ ಹೋಗುವಷ್ಟು ಅಗಲ, ಆಳು ಎದೆಯುದ್ದಕ್ಕೆ ಸಮೀಪವಾದ ಆಳ ಬಿರಿಯುವುದನ್ನು ಮಾನ್ವಿಯ ಕಡೆಯವರಿಗೆ ಹೇಳಬೇಕಾಗಿಲ್ಲ.

ಹಸಿ ಎರೆಯು ಗಾಲಿಗೆ ಹತ್ತಿಕೊಳ್ಳುವುದಕ್ಕೂ ಕಾರಣವಿದೆ. ಮಣ್ಣಿಗೆ ಎರಡು ಬಗೆಯ ಹಿಡಿತಗಳುಂಟು: ತನ್ನೊಳಗೆ ತಾನು ಹಿಡಿದುಕೊಳ್ಳುವುದು ಒಂದು, ಪರವಸ್ತುವಿಗೆ ಅಂಟಿಕೊಳ್ಳುವುದು ಇನ್ನೊಂದು. ಒಣಗಿದಾಗ ಮೊದಲನೆಯದೇ ಬಲ; ಗಾಲಿಗೆ ಏನೂ ಹತ್ತುವುದಿಲ್ಲ. ನೀರು ಅತಿಯಾದಾಗ ಎರಡೂ ದುರ್ಬಲ; ಮಣ್ಣು ಕೆಸರಾಗಿ ಜಾರಿಹೋಗುತ್ತದೆ. ಇವೆರಡರ ನಡುವಣ ಸ್ಥಿತಿಯಲ್ಲಿ ರಬ್ಬರಿಗೂ ಅಂಟುತ್ತದೆ, ತನಗೆ ತಾನೂ ಅಂಟುತ್ತದೆ. ಪದರದ ಮೇಲೆ ಪದರ ಏರುತ್ತದೆ. ಗಾಲಿಯ ಸುತ್ತಳತೆ ಸುಮಾರು 210 ಸೆಂಟಿಮೀಟರು. ಅದರ ಮೇಲೆ 6 ಸೆಂಟಿಮೀಟರು ಅಗಲ, 2 ಸೆಂಟಿಮೀಟರು ದಪ್ಪ ಎರೆ ಮೆತ್ತಿದರೆ ಎರಡೂವರೆ ಸಾವಿರ ಘನ ಸೆಂಟಿಮೀಟರು ಆಯಿತು. ತೂಕ ನಾಲ್ಕೂವರೆ ಕಿಲೋ. ಎರಡು ಗಾಲಿಗೆ 9 ಕಿಲೋ! ತೂಕಕ್ಕಿಂತ ಮೊದಲೇ ಮಡ್ಗಾರ್ಡಿನಲ್ಲಿಯೂ ಬ್ರೇಕಿನ ಸಂದಿನಲ್ಲಿಯೂ ಮಣ್ಣು ತುಂಬಿ ಗಾಲಿಯೇ ತಿರುಗದಂತಾಗುತ್ತದೆ. ಮನುಷ್ಯನ ಪಾದವು ನೆಲದ ಮೇಲೆ ಹಾಕುವ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗೂ ಕಡಮೆ; ಆದ್ದರಿಂದ ನಡೆದು ಹೋಗಬಲ್ಲ ಎರೆಹಾದಿಯಲ್ಲಿ ಸೈಕಲ್ಲು ಹೋಗಬಲ್ಲದೆಂದು ಭಾವಿಸಬಾರದು.

ಈ ಸ್ಥಿತಿಗಳ ಗಡಿಯನ್ನು ನೀರಿನ ಪ್ರಮಾಣದಿಂದ ಗುರುತಿಸುವ ಕ್ರಮವನ್ನು ಸ್ವೀಡನ್ ದೇಶದ ಅಟರ್‌ಬರ್ಗ್ ಎಂಬ ವಿಜ್ಞಾನಿಯು 1911ರಲ್ಲಿ ತಿಳಿಸಿದನು. ನಮ್ಮ ರೈತರು ಇದನ್ನೇ ಹದ ಎಂಬ ಒಂದು ಮಾತಿನಲ್ಲಿ ಹೇಳುತ್ತ ಬಂದಿದ್ದಾರೆ. ಹದವರಿತು ಬಿತ್ತುವವನಿಗೆ ಹಾದಿಯ ಹದವೂ ತಿಳಿದಿರುತ್ತದೆ. ಊರು ಹೊಸದಾದರೆ ಅವನನ್ನೇ ಕೇಳುವುದು ಮೇಲು.

ಸ್ಥೂಲವಾಗಿ ಹೇಳುವುದಾದರೆ, ರಾಯಚೂರಿನಿಂದ ಗಬ್ಬೂರಿನ ಮೂಲಕ ದೇವದುರ್ಗಕ್ಕೆ ಹೋಗುವಾಗ ಗುಡ್ಡದ ಗರಸು, ಮಸಾರಿಗಳು ಹೆಚ್ಚು ಸಿಗುತ್ತವೆ. ಮಾನ್ವಿಯ ಕಡೆಗೆ ಎರೆಯ ರಾಜ್ಯ ಹೆಚ್ಚು. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆಯ ಕಾಲುವೆಯಿದೆ. ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆಯ ಕಾಲುವೆ ಬಂದಿದೆ. ಕಾಲುವೆಗಳ ಏರಿಯ ಮೇಲಿನ ಮರಂ ಹಾದಿಗಳು ಎತ್ತರದಲ್ಲಿರುವುದರಿಂದ ಬೇಗ ಒಣಗುತ್ತವೆ. ಆದರೆ ಏರಿಯ ಪಕ್ಕದ ಬತ್ತದ ಗದ್ದೆಗಳ ಹಾದಿಗೆ ಮಳೆಯೇ ಬೇಕಾಗಿಲ್ಲ. ಬಸಿನೀರಿನಿಂದ ಬಿಸಿಲುಗಾಲದಲ್ಲಿಯೂ ಅದು ಹೂಳಾಗಿರಬಹುದು. ನವೆಂಬರಿನಿಂದ ಫೆಬ್ರವರಿಯವರೆಗೆ, ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುವ ಕಾಲದಲ್ಲಿ, ಎರೆಯ ಬಂಡಿಜಾಡು ಗಾಲಿಗಳ ತುಳಿತದಿಂದ ನುಣ್ಣಗಾಗಿ ಟಾರಿಗೆ ಸಾಟಿಯಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ನಾಡನ್ನು ಸೈಕಲ್ಲಿನ ಮೇಲೆ ನೋಡಲು ಅದೇ ತಕ್ಕ ಕಾಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದರಿಂದ ಹಾದಿ ಹೇಗಿದ್ದರೂ ಸವಾರನ ಸ್ಥಿತಿ ಚೆನ್ನಾಗಿರಲಾರದು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೆಂದು ಮೆತ್ತಗಾದ ಇಳಿಜಾರಿನ ಹಾದಿಯಲ್ಲಿ ಸೈಕಲ್ಲು ನಡೆಸಿದರೆ ಗಾಲಿಯ ಗೆರೆಯೊಂದು ಕೊರೆಯುತ್ತದೆ. ಮುಂದಿನ ಮಳೆಯ ನೀರು ಹಾದಿಯ ಅಗಲಕ್ಕೆ ಹರಡುವ ಬದಲು ಆ ಗೆರೆಯಲ್ಲಿಯೇ ಕೂಡಿ ಓಡುತ್ತದೆ. ನೀರಿನ ವೇಗವು ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು 64 ಮಡಿಯಾಗುತ್ತದೆ. ಒಂದು ಗಾಲಿಯ ಗೆರೆಯು ಎರಡು ಮೂರು ಮಳೆಗಾಲಗಳಲ್ಲಿ ಕೊರಕಲಾಗುವುದು ಹೀಗೆ. ನಮ್ಮದು ಒಂದು ದಿನದ ವಿಹಾರ. ಆ ಹಾದಿಯಲ್ಲಿ ವರ್ಷವಿಡೀ ಕುರಿ ಹೊಡೆಯಬೇಕಾದವನು ಬೇರೊಬ್ಬನು.

ಇಳಿಜಾರು, ಅಲೆ, ಮುಳ್ಳು

ಗುಡ್ಡ ಹತ್ತುವಾಗ ಬೀಳುವವರು ವಿರಳ, ಬೀಳುವುದು ಇಳಿಯುವಾಗ. ಗಟ್ಟಿ ನೆಲದ ಮೇಲೆ ಚೆಲ್ಲಿದ ಹರಳುಗಳು ಗಾಲಿಯ ಕೆಳಗೆ ಗುಂಡುಗಳಂತೆ ಉರುಳುವುದರಿಂದ ಘರ್ಷಣೆ ಕುಗ್ಗುತ್ತದೆ. ಅಲ್ಲಿ ಘರ್ಷಣಾಂಕ 0.35 ಎಂದು ಹಿಡಿದರೆ, ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಅದರಿಂದ 0.1 ಕಳೆಯಬೇಕು. ಗಂಟೆಗೆ 18 ಕಿಲೋಮೀಟರು ವೇಗದಲ್ಲಿರುವವನು ನಿಲ್ಲಲು ಸುಮಾರು 5 ಮೀಟರು ಬೇಕು. 36 ಕಿಲೋಮೀಟರಿನಲ್ಲಿದ್ದರೆ 20 ಮೀಟರು. ವೇಗ ಇಮ್ಮಡಿ, ದೂರ ನಾಲ್ಮಡಿ. ಗುಡ್ಡದ ಬುಡದಲ್ಲಿ ಮರಂ ಅಗೆದ ಗುಂಡಿಗಳು ತಿರುವಿನಾಚೆ ಬಾಯ್ದೆರೆದು ಕುಳಿತಿರುವ ಈ ಕಾಲದಲ್ಲಿ 20 ಮೀಟರು ಎಲ್ಲಿ ಸಿಕ್ಕೀತು? ಮುಂದಿನ ಬ್ರೇಕನ್ನು ಹಠಾತ್ತಾಗಿ ಹಿಡಿದರೆ ಮುಂಗಾಲಿಯು ಉರುಳುವುದನ್ನು ಬಿಟ್ಟು ಜಾರತೊಡಗುತ್ತದೆ. ಜಾರುವ ಗಾಲಿಯು ಹ್ಯಾಂಡಲಿನ ಮಾತು ಕೇಳುವುದಿಲ್ಲ. ತಿರುವಿಗೆ ಮೊದಲೇ, ನೇರ ಹಾದಿಯಲ್ಲಿ, ಎರಡೂ ಬ್ರೇಕುಗಳನ್ನು ಮೆಲ್ಲನೆ ಹಿಡಿಯುವುದೇ ಸರಿಯಾದ ಕ್ರಮ.

ವಾಹನಗಳು ಹೆಚ್ಚಾಗಿ ಓಡುವ ಮರಂ ರಸ್ತೆಯಲ್ಲಿ ಅಡ್ಡಲಾಗಿ ಅಲೆಅಲೆಯಾದ ದಿಣ್ಣೆಗಳು ಏಳುತ್ತವೆ. ಇವು ಗಾಡಿಯ ಸ್ಪ್ರಿಂಗಿನಿಂದ ಆಗುವುದೆಂದು ಹಲವರು ತಿಳಿದಿದ್ದರು. ಕೇಂಬ್ರಿಜ್, ಟೊರೊಂಟೊಗಳ ವಿಜ್ಞಾನಿಗಳು ಸೇರಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉಸುಕಿನ ಮೇಲೆ ಸುತ್ತುವ ಒಂದು ಸಾದಾ ಗಾಲಿಯೂ, ಸ್ಪ್ರಿಂಗು ಇಲ್ಲದೆಯೇ, ಒಂದು ನಿರ್ದಿಷ್ಟ ವೇಗವನ್ನು ದಾಟಿದೊಡನೆ ಅಲೆಗಳನ್ನು ಎಬ್ಬಿಸುವುದೆಂದು ಕಂಡುಬಂದಿತು. ರಸ್ತೆಯ ಅಂಚಿನಲ್ಲಿ ಅಲೆ ಕಡಮೆ. ಸೈಕಲ್ಲಿಗೆ ಅದೇ ಜಾಗ.

ಮುಳ್ಳುಗಳಲ್ಲಿ ಬಳ್ಳಾರಿ ಜಾಲಿಯು ಎಲ್ಲರಿಗೂ ಕಾಣುತ್ತದೆ. ಕಾಣದೆ ಕಾಡುವುದು ನೆಗ್ಗಿಲು. ಹಳದಿ ಹೂವಿನ ಈ ಪುಟ್ಟ ಬಳ್ಳಿಯ ಕಾಯಿ ಒಣಗಿ ಬಿಡಿಬಿಡಿಯಾದಾಗ ಪ್ರತಿ ತುಣುಕಿನ ಮುಳ್ಳುಗಳ ಏರ್ಪಾಟು ಎಂಥದೆಂದರೆ, ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಪ್ರಾಣಿಗಳ ಪಾದವನ್ನು ಹತ್ತಿ ಬೀಜವು ದೇಶಾಂತರ ಹೋಗಬೇಕೆಂಬುದು ಸಸ್ಯದ ಉಪಾಯ. ನಡುವೆ ಟೈರು ಬಂದದ್ದು ಟೈರಿನ ದುರದೃಷ್ಟ. ಮುಳ್ಳು ಚುಚ್ಚಿದ್ದು ಕಂಡರೆ ಮನೆ ಸೇರುವವರೆಗೆ ಕೀಳದಿರುವುದು ಒಮ್ಮೊಮ್ಮೆ ಜಾಣತನ, ಅದೇ ತೂತಿಗೆ ಬಿರಡೆಯಾಗಿರುತ್ತದೆ. ಬಂಡೆಗಳ ಗವಿಸಂದುಗಳಲ್ಲಿ ಚಿರತೆಗಳು ತಂಗುವುದುಂಟು. ಮುಸ್ಸಂಜೆಯ ಮೇಲೆ ಒಬ್ಬರೇ ಆ ಕಡೆ ಹೋಗುವುದು ತರವಲ್ಲ.

ಮಾಡಿ ನೋಡಬಹುದಾದ ಎರಡು ಪರೀಕ್ಷೆಗಳು

ನಿಮ್ಮ ಊರಿನ ಹಾದಿಯಿಂದ ಒಂದು ಹಿಡಿ ಮಣ್ಣು ತನ್ನಿರಿ. ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಕಲಕಿ ಇಡಿರಿ. ಹರಳು ಮತ್ತು ಉಸುಕು ಒಂದೆರಡು ನಿಮಿಷದಲ್ಲಿ ತಳಕ್ಕಿಳಿಯುತ್ತವೆ. ಜೇಡಿಯು ಮರುದಿನದವರೆಗೂ ನೀರನ್ನು ಕಲಕಾಗಿಯೇ ಇಟ್ಟಿರಬಹುದು. ಪದರಗಳ ದಪ್ಪವನ್ನು ಅಳೆದರೆ ಆ ಹಾದಿಯು ಉಸುಕಿನ ಪಕ್ಷವೋ ಎರೆಯ ಪಕ್ಷವೋ ತಿಳಿಯುತ್ತದೆ. ಇನ್ನೊಂದು ಚಿಟಿಕೆ ಮಣ್ಣನ್ನು ನೀರಿನಲ್ಲಿ ನಾದಿ ಅಂಗೈಯಲ್ಲಿ ಹೊಸೆದು ದಾರ ಮಾಡಿರಿ. ಗರಸಿನ ದಾರವು ಆಗುವ ಮೊದಲೇ ಮುರಿಯುತ್ತದೆ. ಎರೆಯ ದಾರವು ಮೂರು ಮಿಲ್ಲಿಮೀಟರಿನಷ್ಟು ಸಣ್ಣಗಾದರೂ ಮುರಿಯದೆ ಉಂಗುರವಾಗಿ ಬಾಗುತ್ತದೆ.

ಎರಡನೆಯದಕ್ಕೆ ಸೈಕಲ್ಲು ಬೇಕು. ಒಂದು ಸಣ್ಣ ಇಳಿಜಾರಿನ ತುದಿಯಿಂದ ಪೆಡಲು ತುಳಿಯದೆ, ಬ್ರೇಕು ಹಿಡಿಯದೆ ಸೈಕಲ್ಲನ್ನು ಬಿಟ್ಟು, ಮುಂದಿನ ಸಮನೆಲದಲ್ಲಿ ಅದು ಎಷ್ಟು ಹೆಜ್ಜೆ ಉರುಳಿ ನಿಲ್ಲುವುದೆಂದು ಎಣಿಸಿರಿ. ಅದೇ ಹಾದಿ, ಅದೇ ಸವಾರ, ಟೈರಿಗೆ ಅಷ್ಟೇ ಗಾಳಿ. ಮಳೆಯ ಮುನ್ನಾದಿನ, ಮರುದಿನ, ಮೂರನೆಯ ದಿನ, ಎಂಟನೆಯ ದಿನ ಹೀಗೆ ಎಣಿಸಿ ದಿನಾಂಕದೊಡನೆ ಬರೆದಿಡಿರಿ. ಮಳೆಯನ್ನು ಅಳೆಯಲು ನೇರ ಗೋಡೆಯ ಒಂದು ಡಬ್ಬಿಯೂ ಅಳತೆಪಟ್ಟಿಯೂ ಸಾಕು. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ಎಷ್ಟು ಮಿಲ್ಲಿಮೀಟರು ಮಳೆಯಾದರೆ ಎಷ್ಟು ದಿನದ ಮೇಲೆ ನಿಮ್ಮ ಶಾಲೆಯ ಹಾದಿಯಲ್ಲಿ ಸೈಕಲ್ಲು ಓಡೀತೆಂಬುದನ್ನು ಹೇಳುವ ಒಂದು ಕೋಷ್ಟಕವು ನಿಮ್ಮ ಕೈಯಲ್ಲಿರುತ್ತದೆ. ಅದರ ಒಂದು ಪ್ರತಿಯನ್ನು ಪಂಚಾಯತಿಗೂ ಕೊಡಿರಿ. ಮರಂ ಹಾಕಿಸಬೇಕಾದ ಸ್ಥಳ ಯಾವುದೆಂಬುದು ಅದರಲ್ಲಿ ಅಂಕಿಗಳ ರೂಪದಲ್ಲಿ ಬರೆದಿರುತ್ತದೆ.